ಅಟ್ಟಿದ ಹೆಣ್ಣು ಎಲ್ಲಿಗೆ ಹೋಗಬೇಕು?

ಕಡೂರು, ಬೀರೂರು, ತರೀಕೆರೆಯಂಥ ಊರುಗಳ ಮನೆಗಳಿಗೂ ಈಗ ಫೈಟರ್ ಮೀನು ಬಂದಿದೆ. ಪುಸ್ತಕದಲ್ಲಿ ಬೆಟ್ಟಾ ಸ್ಪ್ಲೆಂಡೆನ್ಸ್ ಎನಿಸಿಕೊಳ್ಳುವ ಈ ಮೀನನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೊಂದಾಗಿ ಮಾರುತ್ತಾರೆ. ಎರಡು ಗಂಡುಗಳನ್ನು ಒಂದೇ ನೀರಿಗೆ ಬಿಡಬಾರದು ಎಂಬುದು ಕೊಳ್ಳುವವರಿಗೂ ಗೊತ್ತು, ಮಾರುವವರಿಗೂ ಗೊತ್ತು. ಹೆಣ್ಣಿನ ಮಾತು ಬಂದಾಗ ಮಾತ್ರ ಎಲ್ಲರೂ ಸ್ವಲ್ಪ ಸಡಿಲವಾಗುತ್ತಾರೆ. ಗಂಡೊಂದು ಹೆಣ್ಣೊಂದು ಇದ್ದರೆ ಜೋಡಿಯಾಯಿತಲ್ಲ, ತೊಟ್ಟಿಯಲ್ಲಿ ಒತ್ತಾಗಿ ಗಿಡ ಬೆಳೆಸಿದರೆ ಸಾಕು, ಹೊಂದಿಕೊಂಡು ಹೋಗುತ್ತವೆ ಎನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ಈ ಸಲಹೆ ಪೂರ್ತಿ ಸುಳ್ಳಲ್ಲ, ಅದಕ್ಕೇ ಅದನ್ನು ಕೂಲಂಕಷವಾಗಿ ನೋಡಬೇಕು. ಗಿಡ ಹೆಣ್ಣಿಗೆ ಮರೆ ಕೊಡುತ್ತದೆ ನಿಜ. ಆದರೆ ಮೊಟ್ಟೆಯಿಟ್ಟ ಹೆಣ್ಣಿಗೆ ಬೇಕಾದದ್ದು ಮರೆಯಲ್ಲ, ದೂರ. ಎಷ್ಟೇ ಗಿಡ ನೆಟ್ಟರೂ ಗಾಜಿನ ತೊಟ್ಟಿ ಕೊಡಲಾರದ ವಸ್ತು ಅದೊಂದೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ನಾವು ಪ್ರೀತಿಯಿಂದ ಬೆಳೆಸುವ ಕೆಲವು ಗಿಡಗಳೇ ಜಗಳಕ್ಕೆ ಜಾಗ ಮಾಡಿಕೊಡುತ್ತವೆ.

ಇದು ಅರ್ಥವಾಗಬೇಕಾದರೆ ಈ ಮೀನಿನ ಗಂಡು ಹೆಣ್ಣು ಕೂಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಗಂಡು ಮೊದಲು ನೀರಿನ ಮೇಲ್ಮೈಗೆ ಬಂದು ಗಾಳಿ ಗುಟುಕರಿಸುತ್ತದೆ, ಅದನ್ನು ಬಾಯಿಯ ಲೋಳೆಯಲ್ಲಿ ಸುತ್ತಿ ಗುಳ್ಳೆಯಾಗಿ ಉಗುಳುತ್ತದೆ. ಗುಳ್ಳೆಯ ಪಕ್ಕ ಗುಳ್ಳೆ, ಅದರ ಮೇಲೆ ಇನ್ನೊಂದು. ಕೆಲವು ಗಂಟೆಗಳಲ್ಲಿ ತೇಲುವ ಎಲೆಯೊಂದರ ಅಡಿಯಲ್ಲಿ ನೊರೆಯ ಗೂಡು ಸಿದ್ಧ. ಬೆದೆಗೆ ಬಂದ ಹೆಣ್ಣಿನ ಮೈಮೇಲೆ ಮಾಸಲು ಲಂಬ ಪಟ್ಟೆಗಳು ಮೂಡುತ್ತವೆ, ಹೊಟ್ಟೆಯ ಕೆಳಗೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಕಾಣುತ್ತದೆ. ಅದು ತಲೆ ತಗ್ಗಿಸಿಕೊಂಡು ಗೂಡಿನತ್ತ ಬರುತ್ತದೆ. ಗಂಡು ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಮೈಯೆಲ್ಲ ಬಾಗಿಸಿ ಕುಣಿಯುತ್ತದೆ, ನಡುವೆ ಒಂದೆರಡು ಸಲ ಕಚ್ಚುವುದೂ ಉಂಟು. ಕೊನೆಗೆ ಹೆಣ್ಣಿನ ಮೈಯನ್ನು ತನ್ನ ಮೈಯಿಂದ ಬಳಸಿ ಬಿಗಿಯುತ್ತದೆ. ಹಿಡಿತ ಸಡಿಲವಾದಾಗ ಹೆಣ್ಣು ಕೆಲವು ಕ್ಷಣ ಮರವಟ್ಟಂತೆ ತೇಲುತ್ತದೆ, ಅದರಿಂದ ಉದುರಿದ ಬಿಳಿಯ ಮೊಟ್ಟೆಗಳು ನಿಧಾನವಾಗಿ ತಳಕ್ಕಿಳಿಯತೊಡಗುತ್ತವೆ. ಗಂಡು ಅವುಗಳ ಹಿಂದೆ ಧುಮುಕಿ ಒಂದೊಂದನ್ನೇ ಬಾಯಲ್ಲಿ ಹೆಕ್ಕಿ ತಂದು ನೊರೆಯೊಳಗೆ ಕೂರಿಸುತ್ತದೆ. ಹೀಗೆ ಹತ್ತಾರು ಸಲ. ಹೆಣ್ಣಿನ ಹೊಟ್ಟೆ ಬರಿದಾದ ಮೇಲೆ ಗಂಡಿನ ನಡವಳಿಕೆ ಒಮ್ಮೆಲೇ ಬದಲಾಗುತ್ತದೆ. ಇಷ್ಟು ಹೊತ್ತು ಕರೆದ ಹೆಣ್ಣನ್ನೇ ಅಟ್ಟತೊಡಗುತ್ತದೆ. ಅದರಲ್ಲಿ ಕ್ರೌರ್ಯ ಹುಡುಕುವುದು ನಮ್ಮ ಚಾಳಿ. ಹೆಣ್ಣು ಮೊಟ್ಟೆಗಳನ್ನು ತಿನ್ನಬಲ್ಲದು, ಹಾಗಾಗಿ ಗೂಡಿನ ಬಳಿ ಸುಳಿಯುವ ಯಾವ ಮೀನಾದರೂ ಆ ಹೊತ್ತಿಗೆ ಗಂಡಿಗೆ ಕಳ್ಳನೇ. ಹೆಣ್ಣಿನ ಪಾಲಿನ ಕೆಲಸ ಮುಗಿದಿದೆ, ಅದು ಅಲ್ಲಿಂದ ಹೊರಟುಹೋಗಬೇಕು.

ನೈಸರ್ಗಿಕ ನೆಲೆಯಲ್ಲಿ ಅದು ಹೊರಟೇ ಹೋಗುತ್ತದೆ. ಥಾಯ್ಲೆಂಡಿನ ಕಾಡು ಬೆಟ್ಟಾ ಬದುಕುವುದು ಆಳವಿಲ್ಲದ, ಗಿಡಗಂಟಿ ತುಂಬಿದ ನಿಂತ ನೀರಿನಲ್ಲಿ: ಭತ್ತದ ಗದ್ದೆ, ಜೌಗು, ಹಳ್ಳದ ಅಂಚು. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೊರಟ ಭದ್ರಾ ನಾಲೆಯ ನೀರು ಹಾಯುವ ಗದ್ದೆಬಯಲನ್ನು ನೋಡಿದವರಿಗೆ ಅಂಥ ನೀರು ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಒಂದು ಗುಂಟೆ ಗದ್ದೆ ಎಂದರೆ 1089 ಚದರಡಿ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯ ತಳ ಎರಡೇ ಚದರಡಿ. ನೀರು ಹಿಡಿಯುವುದು ಐವತ್ತು ಲೀಟರಿನ ಆಸುಪಾಸು. ಫೈಟರ್ ಮೀನುಗಳಿಗೆ ಇದು ಬಂಗಲೆಯೆಂದು ಹೇಳುವವರಿದ್ದಾರೆ, ಒಂಟಿ ಮೀನಿಗೆ ಅದು ಸರಿಯೂ ಹೌದು. ಆದರೆ ಅದರ ತಳದ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೆ 27 ಅಂಗುಲ ದಾಟುವುದಿಲ್ಲ. ಎರಡೂವರೆ ಅಂಗುಲದ ಮೀನಿಗೆ ಅದು ತನ್ನದೇ ಹನ್ನೊಂದು ಮೈಯುದ್ದ. ಗಂಡು ಒಂದು ಸಲ ಜೋರಾಗಿ ಬಾಲ ಬೀಸಿದರೆ ಅರ್ಧ ದಾರಿ ಮುಗಿಯಿತು. ಗದ್ದೆಯಲ್ಲಿ ಅಟ್ಟಿಸಿಕೊಂಡ ಹೆಣ್ಣು ನಾಲ್ಕಡಿ ಆಚೆ ಹೋದರೆ ಜಗಳ ಅಲ್ಲಿಗೇ ತೀರಿತು. ತೊಟ್ಟಿಯಲ್ಲಿ ಆ ನಾಲ್ಕಡಿಯೇ ಇಲ್ಲ.

ಗಿಡದ ಪರ ವಾದಿಸುವವರು ಇಲ್ಲಿ ತಡೆಯುತ್ತಾರೆ. ದೂರ ಇಲ್ಲದಿದ್ದರೇನು, ಕಣ್ಣಿಗೆ ಬೀಳದಿದ್ದರೆ ಸಾಲದೇ? ಈ ಆಕ್ಷೇಪಕ್ಕೆ ತೂಕವಿದೆ. ಬೆಟ್ಟಾದ ಸಿಟ್ಟು ಬಹುಪಾಲು ಕಣ್ಣಿನ ಮೂಲಕ ಏಳುವ ಸಿಟ್ಟು. ಕನ್ನಡಿಯಲ್ಲಿ ತನ್ನದೇ ಬಿಂಬ ಕಂಡರೂ ಗಂಡು ಕಿವಿರು ಅಗಲಿಸುತ್ತದೆ. ಅಂಥ ನೋಟ ಸಿಗುವುದಾದರೆ ಗಂಡು ಬೆಟ್ಟಾ ಅದಕ್ಕಾಗಿ ಹೊಸ ಕೆಲಸವೊಂದನ್ನು ಕಲಿಯಲೂ ತಯಾರು ಎಂದು ಟ್ರಾವಿಸ್ ಥಾಂಪ್ಸನ್ 1963ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಆದ್ದರಿಂದ ನೋಟ ತಪ್ಪಿಸುವ ವ್ಯಾಲಿಸ್ನೇರಿಯಾದ ಉದ್ದನೆಯ ಎಲೆಗಳು, ಜಾವಾ ಮಾಸ್ ಹಬ್ಬಿದ ಕೊರಡು, ನಮ್ಮ ಕೆರೆಗಳಲ್ಲೇ ಬೆಳೆಯುವ ಹೈಡ್ರಿಲ್ಲಾ ಇವೆಲ್ಲ ಹೆಣ್ಣಿಗೆ ಉಪಕಾರವೇ. ಎಡವುವುದು ಬೇರೆ ಕಡೆ. ಬಚ್ಚಿಟ್ಟುಕೊಂಡ ಹೆಣ್ಣು ಬಚ್ಚಿಟ್ಟುಕೊಂಡೇ ಇರಲಾರದು. ಅದು ಉಸಿರಾಡಬೇಕು, ಮತ್ತು ಅದರ ಉಸಿರು ಇರುವುದು ಮೇಲೆ.

ಕಡೂರು ಸೀಮೆಯ ಕೆರೆ ಮೀನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಬೆಟ್ಟಾದ ನೆಂಟನೊಬ್ಬ ಇಲ್ಲೇ ಇದ್ದಾನೆ. ಕೊರವ, ಕುಚ್ಚು ಎಂದೆಲ್ಲ ಕರೆಸಿಕೊಳ್ಳುವ ಹಾವುತಲೆಯ ಮೀನುಗಳೂ ಬೆಟ್ಟಾವೂ ಒಂದೇ ಗಣಕ್ಕೆ ಸೇರಿದವು. ನೀರು ಬತ್ತಿ ಕೆಸರಾದ ಕೆರೆಯಲ್ಲಿ ಬೇರೆ ಮೀನು ಸತ್ತು ತೇಲಿದಾಗಲೂ ಕೊರವ ಬದುಕಿರುವುದು ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಇರುವ, ಗಾಳಿಯಿಂದಲೇ ಆಮ್ಲಜನಕ ಹೀರುವ ಅಂಗದ ದೆಸೆಯಿಂದ. ಬೆಟ್ಟಾದಲ್ಲಿ ಇದೇ ಜಾಗದಲ್ಲಿರುವ ಮಡಿಕೆ ಮಡಿಕೆಯ ಅಂಗಕ್ಕೆ ಲ್ಯಾಬಿರಿಂತ್ ಎಂದು ಹೆಸರು. ಈ ಅನುಕೂಲಕ್ಕೆ ಒಂದು ಬೆಲೆಯಿದೆ: ಇಂಥ ಮೀನು ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು, ಬಲೆಗೆ ಸಿಕ್ಕಿ ನೀರಡಿಯಲ್ಲೇ ಉಳಿದ ಕೊರವ ಮೀನಾಗಿದ್ದೂ ಉಸಿರುಗಟ್ಟಿ ಸಾಯುತ್ತದೆ. ಈಗ ತೊಟ್ಟಿಗೆ ಬನ್ನಿ. ಗಂಡಿನ ನೊರೆಗೂಡು ಇರುವುದು ಮೇಲ್ಮೈಯಲ್ಲಿ. ಕಾವಲು ಇರುವುದು ಅದರ ಕೆಳಗೆ. ನಾವು ಹಾಕುವ ಕಾಳು ಬೀಳುವುದೂ ಅಲ್ಲೇ. ಗಿಡದ ಬುಡದಲ್ಲಿ ಅಡಗಿದ ಹೆಣ್ಣು ಉಸಿರಿಗೆಂದು ಏರಿದಾಗೆಲ್ಲ ಗಂಡು ಕಾಯುವ ಗಡಿಯ ಅಂಚನ್ನು ಮುಟ್ಟುತ್ತದೆ. ಬಹಳಷ್ಟು ಗಿಡತೊಟ್ಟಿಗಳಲ್ಲಿ ಗಿಡ ದಟ್ಟವಾಗಿರುವುದು ತಳದಲ್ಲಿ, ಮೇಲಿನ ಎರಡು ಮೂರು ಅಂಗುಲ ನೀರು ಬಟ್ಟಬಯಲು. ಮರೆ ಒಂದು ಕಡೆ, ಅಪಾಯ ಇನ್ನೊಂದು ಕಡೆ.

ಹಾಗಾದರೆ ಮೇಲ್ಮೈಯನ್ನೂ ಗಿಡದಿಂದ ಮುಚ್ಚೋಣ, ಅಂತರಗಂಗೆ ತಂದು ತೇಲಿಬಿಡೋಣ ಎಂದು ಯೋಚಿಸಬಹುದು. ಅದರ ಇಳಿಬಿದ್ದ ಬೇರಿನ ಜಡೆಗಳ ನಡುವೆ ಹೆಣ್ಣು ಗಾಳಿ ಕುಡಿಯಬಲ್ಲದು, ಇದು ತಳದ ಗಿಡಕ್ಕಿಂತ ಎಷ್ಟೋ ವಾಸಿ. ಆದರೆ ತೇಲುವ ಎಲೆ ಎಂದರೆ ಗಂಡಿಗೆ ಗೂಡಿನ ಮಾಡು. ಗಾಳಿ ಪಂಪಿನ ಅಲೆಗೆ ಚದುರುತ್ತಿದ್ದ ನೊರೆ ಈಗ ಎಲೆಯಡಿ ಗಟ್ಟಿಯಾಗಿ ನಿಲ್ಲುತ್ತದೆ. ಗೂಡು ನಿಂತರೆ ಗಡಿ, ಗಡಿ ನಿಂತರೆ ಕಾವಲು. ಮೊಟ್ಟೆಯೇ ಇಲ್ಲದ ಬರಿ ಗೂಡನ್ನೂ ಗಂಡು ಕಾಯುತ್ತದೆ. ಗಿಡ ನೀರಿನ ಅಮೋನಿಯಾ ಹೀರುತ್ತದೆ, ಮೀನಿನ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತೂ ಇಲ್ಲಿ ಬರುತ್ತದೆ. ನಿಜವೇ, ಆದರೆ ಆರೋಗ್ಯವಂತ ಗಂಡು ಇನ್ನಷ್ಟು ಹುರುಪಿನಿಂದ ಗೂಡು ಕಟ್ಟುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಇಷ್ಟೆಲ್ಲ ಹೇಳಿದ್ದು ಮೀನಿನ ಸಹಜ ಸ್ವಭಾವದ ಮಾತು. ಅಂಗಡಿಯ ಡಬ್ಬಿಯಲ್ಲಿರುವ ಮೀನು ಸಹಜ ಮೀನಲ್ಲ, ಮನುಷ್ಯ ತಿದ್ದಿದ ಮೀನು. ಸಯಾಮಿನಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, ಇವನ್ನು ಕಾದಾಟಕ್ಕೆಂದೇ ಸಾಕಿ, ಗೆದ್ದ ಮೀನಿನಿಂದ ಮರಿ ಮಾಡಿಸುತ್ತ ಬಂದರು. ಅಲ್ಲಿನ ದೊರೆಯಿಂದ 1840ರಲ್ಲಿ ಮೀನು ಪಡೆದ ಡ್ಯಾನಿಷ್ ವೈದ್ಯ ಥಿಯೋಡೋರ್ ಕ್ಯಾಂಟರ್ ಅದನ್ನು ಬೇರೊಂದು ಹೆಸರಿನಲ್ಲಿ ವರ್ಣಿಸಿದ, ಈಗಿನ ಹೆಸರು ಕೊಟ್ಟದ್ದು 1910ರಲ್ಲಿ ಟೇಟ್ ರೀಗನ್. ಪಳಗಿಸುವಿಕೆ ಅದಕ್ಕಿಂತ ಎಷ್ಟೋ ಹಳೆಯದು. ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರೆಸ್ ಬೆಂಡೆಸ್ಕಿ ತಂಡ 2022ರಲ್ಲಿ ಪ್ರಕಟಿಸಿದ ಜೀನೋಮ್ ಅಧ್ಯಯನದ ಪ್ರಕಾರ ಕನಿಷ್ಠ ಸಾವಿರ ವರ್ಷಗಳಿಂದ ಮನುಷ್ಯ ಈ ಮೀನನ್ನು ತಿದ್ದುತ್ತಿದ್ದಾನೆ, ಅಲಂಕಾರಿಕ ತಳಿಗಳಲ್ಲಿ ಬೇರೆ ಬೆಟ್ಟಾ ಪ್ರಭೇದಗಳ ರಕ್ತವೂ ಬೆರೆತಿದೆ. ನಮ್ಮ ಚರ್ಚೆಗೆ ಇದಕ್ಕಿಂತ ಮುಖ್ಯವಾದದ್ದು ರಾಮೋಸ್ ಮತ್ತು ಗೊನ್ಸಾಲ್ವೆಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನ. ಕಾದಾಟದಲ್ಲಿ ಆರಿಸುತ್ತ ಬಂದದ್ದು ಗೆಲ್ಲುವ ಗಂಡುಗಳನ್ನು. ಹೆಣ್ಣುಗಳನ್ನು ಯಾರೂ ಕಣಕ್ಕಿಳಿಸಲಿಲ್ಲ. ಆದರೂ ಆ ತಳಿಯ ಹೆಣ್ಣುಗಳು ಕಾಡುತಳಿಯ ಹೆಣ್ಣುಗಳಿಗಿಂತ ಹೆಚ್ಚು ಜಗಳಗಂಟಿಗಳಾಗಿದ್ದವು. ಗಂಡಿಗೆಂದು ಒತ್ತಿದ ಮುದ್ರೆ ಹೆಣ್ಣಿನ ಮೇಲೂ ಬಿದ್ದಿತ್ತು. ಗಂಡು ಕ್ರೂರಿ, ಹೆಣ್ಣು ಪಾಪದ್ದು ಎಂಬ ಲೆಕ್ಕಾಚಾರ ಇಲ್ಲಿ ಕೆಡುತ್ತದೆ. ಹೆಣ್ಣೇ ಗಂಡಿನ ಉದ್ದನೆಯ ರೆಕ್ಕೆಗಳನ್ನು ಚಿಂದಿ ಮಾಡಿದ ತೊಟ್ಟಿಗಳೂ ಇವೆ. ಭಾರವಾದ ಬಾಲ ಎಳೆದುಕೊಂಡು ಈಜುವ ಗಂಡಿಗೆ ಗಿಡ್ಡ ರೆಕ್ಕೆಯ ಹೆಣ್ಣಿನಿಂದ ತಪ್ಪಿಸಿಕೊಳ್ಳುವುದು ಕಷ್ಟ.

ತಳಿಯ ಸಿಟ್ಟಿಗೂ ಜಾಗಕ್ಕೂ ಇರುವ ನಂಟನ್ನು ನೋಡಲು ಅಜ್ಜಂಪುರದವರು ದೂರ ಹೋಗಬೇಕಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂದು ಹೆಸರಾದ ರಾಸುಗಳನ್ನು ಫಿರಂಗಿ, ಸರಂಜಾಮು ಎಳೆಯುವ ದಂಡಿನ ಕೆಲಸಕ್ಕೆಂದು ಬೆಳೆಸಿದರು. ಬೇಕಾಗಿದ್ದದ್ದು ಎತ್ತಿನ ಕಸುವು ಮತ್ತು ರೋಷ. ಆದರೆ ಹಸುಗಳೂ ಹೊಸಬರನ್ನು ಹತ್ತಿರ ಬಿಟ್ಟುಕೊಳ್ಳದ ತಳಿ ಅದು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಇಂದಿಗೂ ಅವು ಉಳಿದುಬಂದಿರುವುದು ಕಾವಲುಗಳ ಹುಲ್ಲುಬಯಲಿನ ಬಲದಿಂದ. ಬಯಲಿನಲ್ಲಿ ಹೋರಿಯೊಂದು ಗುಟುರು ಹಾಕಿದರೆ ಇನ್ನೊಂದು ಪಕ್ಕಕ್ಕೆ ಸರಿದು ಮೇಯುತ್ತದೆ. ಅದೇ ಎರಡನ್ನು ಒಂದು ಸಣ್ಣ ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚಿ ಬಿಟ್ಟರೆ ಏನಾದೀತೆಂದು ರಾಸು ಕಟ್ಟಿದವರನ್ನು ಕೇಳಬೇಕು. ಬೆಟ್ಟಾಗಳಲ್ಲೂ ಕಾಡುತಳಿ ಮತ್ತು ಸಾಕುತಳಿಗಳ ಸಿಟ್ಟಿನ ವ್ಯತ್ಯಾಸ ಸಂದರ್ಭವನ್ನು ಅವಲಂಬಿಸಿದೆ ಎಂದು ವೆರ್ಬೀಕ್ ಮತ್ತು ಸಂಗಡಿಗರು 2007ರಲ್ಲಿ ಬರೆದರು. ಸಿಟ್ಟು ತಳಿಯಲ್ಲಿದೆ, ಅದು ಎಷ್ಟು ಹೊರಬರುತ್ತದೆ ಎಂಬುದು ಅಕ್ಕಪಕ್ಕದಲ್ಲಿ ಏನಿದೆ ಎಂಬುದರ ಮೇಲಿದೆ.

ಈಗ ಅತ್ಯಂತ ಪ್ರಬಲವಾದ ಆಕ್ಷೇಪ. ತಮ್ಮ ತೊಟ್ಟಿಯಲ್ಲಿ ಗಂಡು ಹೆಣ್ಣು ತಿಂಗಳುಗಟ್ಟಲೆ ತಣ್ಣಗಿವೆ ಎಂದು ಹೇಳುವವರಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆ ಶಾಂತಿ ಎಲ್ಲಿಂದ ಬಂತು ಎಂದು ಕೇಳಬೇಕು. ಒಂದೇ ಸೂಲಿನ ಮರಿಗಳು ಒಟ್ಟಿಗೆ ಬೆಳೆದಿದ್ದರೆ ಸ್ವಲ್ಪ ಕಾಲ ಹೊಂದಿಕೆ ಇರುತ್ತದೆ. ನೀರು ತಣ್ಣಗಿದ್ದರೂ ಜಗಳ ಮಲಗುತ್ತದೆ: ಈ ಮೀನಿಗೆ ಹಿತವಾದದ್ದು 25ರಿಂದ 28 ಡಿಗ್ರಿ, ಮಾಗಿಯ ಬೆಳಗಿನಲ್ಲಿ ಹೀಟರ್ ಇಲ್ಲದ ತೊಟ್ಟಿಯ ನೀರು ಅದಕ್ಕಿಂತ ಎಷ್ಟೋ ಕೆಳಗಿಳಿದಿರುತ್ತದೆ, ಮೀನು ಮಂಕಾಗುತ್ತದೆ, ನಾವು ಅದನ್ನೇ ಸೌಹಾರ್ದ ಎನ್ನುತ್ತೇವೆ. ವಯಸ್ಸಾದ ಗಂಡು, ಬೆದೆಗೆ ಬಾರದ ಹೆಣ್ಣು, ನಾಲ್ಕೈದು ಅಡಿ ಉದ್ದದ ದೊಡ್ಡ ತೊಟ್ಟಿ ಇವೂ ಕಾರಣವಾಗಬಹುದು. ಇವುಗಳಲ್ಲಿ ದೊಡ್ಡ ತೊಟ್ಟಿಯೊಂದೇ ನಂಬಬಹುದಾದ ಕಾರಣ, ಏಕೆಂದರೆ ಅದು ದೂರವನ್ನು ಕೊಡುತ್ತದೆ. ಉಳಿದವೆಲ್ಲ ಹವಾಮಾನದಂತೆ ಬದಲಾಗುವಂಥವು. ಇನ್ನೂ ಒಂದು ಸಂಗತಿಯಿದೆ. ಶಾಂತಿ ಎಂದು ನಾವು ಓದುವುದು ಎಷ್ಟೋ ಸಲ ಶರಣಾಗತಿ. ಮೂಲೆಯಲ್ಲಿ ಹೀಟರಿನ ಹಿಂದೆ ರೆಕ್ಕೆ ಮಡಚಿ ನಿಂತ, ಮೈಮೇಲೆ ಮಾಸಲು ಅಡ್ಡಗೆರೆಗಳು ಮೂಡಿದ, ಎಲ್ಲರೂ ತಿಂದ ಮೇಲೆ ಉಳಿದ ಕಾಳಿಗೆ ಬರುವ ಹೆಣ್ಣು ಜಗಳವಾಡುತ್ತಿಲ್ಲ ನಿಜ. ಬಾಲದ ಅಂಚಿನ ಸಣ್ಣ ಸೀಳಿಗೆ ಬ್ಯಾಕ್ಟೀರಿಯಾ ತಗುಲಿ ಒಂದು ದಿನ ಅದು ಸತ್ತರೆ, ರೋಗದಿಂದ ಸತ್ತಿತು ಎಂದೇ ನಾವು ತಿಳಿಯುತ್ತೇವೆ.

ಒಂಟಿ ಮೀನಿಗೆ ಬೇಸರವಾಗುವುದಿಲ್ಲವೇ ಎಂಬ ಪ್ರಶ್ನೆ ಮನುಷ್ಯರದು. ಬೆಟ್ಟಾ ಸ್ಪ್ಲೆಂಡೆನ್ಸ್ ಜೋಡಿ ಕಟ್ಟಿ ಬದುಕುವ ಪ್ರಾಣಿಯಲ್ಲ. ಮರಿಗಳಿಗೆ ತಂದೆತಾಯಿ ಮೀನುಗಳ ಕಾವಲಿರುವ ಕೊರವದ ಸಂಸಾರವನ್ನು, ಕೆಂಪು ಮೋಡದಂತೆ ಸಾಗುವ ಆ ಮರಿಹಿಂಡನ್ನು ಕೆರೆಯಲ್ಲಿ ಕಂಡವರಿಗೆ ಬೆಟ್ಟಾವೂ ಹಾಗೇ ಎನಿಸಬಹುದು. ಆದರೆ ಕೊರವದ ಮೊಟ್ಟೆ ಎಣ್ಣೆಯಂಶದಿಂದ ತಾನೇ ತೇಲುತ್ತದೆ, ಬೆಟ್ಟಾದ್ದು ಮುಳುಗುತ್ತದೆ. ಮುಳುಗುವ ಮೊಟ್ಟೆಯನ್ನು ಎತ್ತಿ ನೊರೆಗೆ ಸೇರಿಸುವ, ಬಿದ್ದರೆ ಮತ್ತೆ ಎತ್ತುವ ಕೆಲಸವನ್ನು ಗಂಡೊಂದೇ ವಹಿಸಿಕೊಂಡಿದೆ. ಈ ಏರ್ಪಾಡಿನಲ್ಲಿ ಹೆಣ್ಣಿಗೆ ಜಾಗವಿಲ್ಲ. ಅದಕ್ಕಿರುವುದು ಆಯ್ಕೆಯ ಹಕ್ಕು. ಎರಡು ಗಂಡುಗಳ ಕಾದಾಟವನ್ನು ಮರೆಯಿಂದ ನೋಡಿದ ಹೆಣ್ಣು ಆಮೇಲೆ ಗೆದ್ದದ್ದರ ಬಳಿ ಮೊದಲು ಹೋಗುತ್ತದೆ, ನೋಡದ ಹೆಣ್ಣಿಗೆ ಅಂಥ ಒಲವಿಲ್ಲ ಎಂದು ದೂತ್ರೆಲಾಂ ಮತ್ತು ಮೆಕ್‌ಗ್ರೆಗರ್ 2000ದಲ್ಲಿ ಪ್ರಕಟಿಸಿದರು. ನೋಡಿ, ತೂಗಿ, ತನ್ನ ಹೊತ್ತಿಗೆ ಬಂದು ಹೋಗುವ ಈ ಜೀವಿಯನ್ನು ಒಂದೇ ಗಂಡಿನ ಜೊತೆ ಕೂಡಿಹಾಕಿ ‘ಜೋಡಿ’ ಎನ್ನುವುದು ನಮ್ಮ ಅನುಕೂಲಕ್ಕೆ.

ಬೇರೆ ಬೆಟ್ಟಾಗಳಿಲ್ಲವೇ ಎಂದರೆ, ಇವೆ. ಬೆಟ್ಟಾ ಇಂಬೆಲಿಸ್‌ನ ಗಂಡು ಹೆಣ್ಣುಗಳನ್ನು ಗಿಡ ತುಂಬಿದ ತೊಟ್ಟಿಯಲ್ಲಿ ಒಟ್ಟಿಗೆ ಇಡುವವರಿದ್ದಾರೆ. ಮೊಟ್ಟೆಗಳನ್ನು ಗಂಡು ಬಾಯಲ್ಲೇ ಕಾಪಾಡುವ ಪ್ರಭೇದಗಳಿಗೆ ನೊರೆಗೂಡೇ ಇಲ್ಲದ್ದರಿಂದ ಗಡಿಯ ರಗಳೆಯೂ ಕಡಿಮೆ. ಈ ಎರಡನೆಯ ಅಪವಾದ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ: ಕಾಯಬೇಕಾದ ಜಾಗ ಇಲ್ಲದಿದ್ದರೆ ಜಗಳವೂ ಕಡಿಮೆ. ಆದರೆ ನಮ್ಮ ಪೇಟೆಯ ಡಬ್ಬಿಗಳಲ್ಲಿ ಸಿಗುವುದು ಅವಲ್ಲ. ನಡುವೆ ಪಾರದರ್ಶಕ ಗಾಜಿನ ತಡೆ ಹಾಕುವ ಉಪಾಯವೂ ಅಷ್ಟಕ್ಕಷ್ಟೆ. ಕಣ್ಣೆದುರೇ ಇನ್ನೊಂದು ಮೀನು ಸದಾ ಸುಳಿಯುತ್ತಿದ್ದರೆ ಗಂಡು ಕಿವಿರು ಅಗಲಿಸುತ್ತಲೇ ಇರುತ್ತದೆ. ಅಗಲಿಸಿದ ಕಿವಿರಿನಿಂದ ಸರಿಯಾಗಿ ಉಸಿರಾಡಲಾಗದು, ನೀರಿನಲ್ಲಿ ಆಮ್ಲಜನಕ ಇಳಿದಾಗ ಈ ಪ್ರದರ್ಶನವೂ ಕುಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅಂದರೆ ಅದು ಪುಕ್ಕಟೆ ನಾಟಕವಲ್ಲ, ಮೈಯ ಶಕ್ತಿ ಸುಡುವ ಕೆಲಸ. ತಡೆ ಹಾಕುವುದಾದರೆ ಆಚೆ ಕಾಣದಂಥದ್ದನ್ನು ಹಾಕಬೇಕು.

ಮರಿ ಮಾಡಿಸುವ ಆಸೆಯಿದ್ದರೆ ಗಂಡು ಹೆಣ್ಣನ್ನು ಒಂದೇ ನೀರಿಗೆ ಬಿಡಲೇಬೇಕು, ಆದರೆ ಗಡಿಯಾರ ನೋಡಿಕೊಂಡು. ಇಬ್ಬರನ್ನೂ ಬೇರೆ ಬೇರೆ ಇಟ್ಟು ಒಂದೆರಡು ವಾರ ಜೀವಂತ ಆಹಾರ ಕೊಡುವುದು, ಆಮೇಲೆ ಗಂಡಿನ ತೊಟ್ಟಿಯೊಳಗೆ ಗಾಜಿನ ಕೊಳವೆಯಲ್ಲಿ ಹೆಣ್ಣನ್ನಿಟ್ಟು ಅದರ ಮೈಮೇಲೆ ಲಂಬ ಪಟ್ಟೆ ಮೂಡುವುದನ್ನೂ ಗಂಡು ಗೂಡು ಕಟ್ಟುವುದನ್ನೂ ಕಾಯುವುದು, ಆಮೇಲಷ್ಟೇ ಕೊಳವೆ ಎತ್ತುವುದು. ಇಲ್ಲಿ ಗಿಡ ತನ್ನ ನಿಜವಾದ ಕೆಲಸ ಮಾಡುತ್ತದೆ: ಕೂಡುವ ಮುಂಚಿನ ಕೆಲವು ಗಂಟೆಗಳ ಅಟ್ಟಾಟದಲ್ಲಿ ಹೆಣ್ಣಿಗೆ ಉಸಿರು ತಿರುಗಿಸಿಕೊಳ್ಳಲು ಮರೆ. ಅದಕ್ಕೆ ಗೂಡಿನಿಂದ ದೂರದ ತುದಿಯಲ್ಲಿ, ತಳದಿಂದ ಮೇಲ್ಮೈವರೆಗೆ ಒತ್ತಾಗಿರುವ ಗಿಡ ಬೇಕು, ತಳದ ಹುಲ್ಲುಹಾಸಲ್ಲ. ಮೊಟ್ಟೆ ಇಟ್ಟು ಮುಗಿದ ಕೂಡಲೇ ಹೆಣ್ಣನ್ನು ಮೆಲ್ಲನೆ ಬಲೆಯಿಂದ ಎತ್ತಿ ಬೇರೆ ನೀರಿಗೆ ಬಿಡಬೇಕು. ಗದ್ದೆಯ ದೂರ ಮಾಡಬೇಕಾದ ಕೆಲಸವನ್ನು ಇಲ್ಲಿ ನಮ್ಮ ಕೈ ಮಾಡುತ್ತದೆ. ಬೆಚ್ಚನೆಯ ನೀರಿನಲ್ಲಿ ಒಂದರಿಂದ ಒಂದೂವರೆ ದಿನದಲ್ಲಿ ಮರಿಗಳು ಹೊರಬಂದು ಬಾಲ ಕೆಳಗೆ ಮಾಡಿ ನೊರೆಗೆ ಜೋತುಬೀಳುತ್ತವೆ, ಮತ್ತೆರಡು ಮೂರು ದಿನದಲ್ಲಿ ಅಡ್ಡಡ್ಡ ಈಜತೊಡಗುತ್ತವೆ. ಅಲ್ಲಿಗೆ ಗಂಡಿನ ಪಾಲನೆಯೂ ಮುಗಿಯಿತು, ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ತಾನೇ ಸಾಕಿದ್ದನ್ನು ತಾನೇ ತಿಂದೀತು. ಮರಿಗಳಿಗೆ ಗಾಳಿಯ ಅಂಗ ಬಲಿಯಲು ಮೂರು ನಾಲ್ಕು ವಾರ ಬೇಕು, ಅಷ್ಟು ದಿನ ತೊಟ್ಟಿಯ ಮೇಲೆ ಮುಚ್ಚಳವಿರಲಿ, ತಣ್ಣನೆಯ ಗಾಳಿ ಅವಕ್ಕಾಗದು.

ಒಂದು ಸೂಲಿಗೆ ನೂರಾರು ಮರಿ ಬರುವುದುಂಟು. ಎರಡು ಮೂರು ತಿಂಗಳಾಗುತ್ತಲೇ ಗಂಡುಗಳು ಒಂದನ್ನೊಂದು ಕಚ್ಚಲು ಹತ್ತುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಡಬ್ಬಿ ಬೇಕು. ಜೋಡಿ ಬಿಡುವ ಮುಂಚೆ ಮಾಡಬೇಕಾದ ಲೆಕ್ಕ ಇದು, ಬಹಳ ಜನ ಆಮೇಲೆ ಮಾಡುತ್ತಾರೆ. ಹೆಚ್ಚಾದವನ್ನು ಎಮ್ಮೆದೊಡ್ಡಿಯ ಮದಗದ ಕೆರೆಗೋ ಸಖರಾಯಪಟ್ಟಣದ ಅಯ್ಯನಕೆರೆಗೋ ಬಿಟ್ಟುಬಂದರಾಯಿತು ಎನ್ನುವ ಹಾಗಿಲ್ಲ. ಉತ್ತರ ಆಸ್ಟ್ರೇಲಿಯಾದ ಅಡಿಲೇಡ್ ನದಿಯ ಬಯಲಿನಲ್ಲಿ ಹೀಗೆ ಮನೆಯ ತೊಟ್ಟಿಗಳಿಂದ ತಪ್ಪಿದ ಬೆಟ್ಟಾಗಳು ನೆಲೆಯೂರಿ ಅಲ್ಲೇ ಮರಿ ಹಾಕಿಕೊಂಡು ಬೆಳೆಯುತ್ತಿವೆ. ಜಂಬು ಬೆಳೆದ ಅಂಚು, ಆಳವಿಲ್ಲದ ಬೆಚ್ಚನೆಯ ನೀರು, ತೇಲುವ ಎಲೆ ಎಲ್ಲವೂ ನಮ್ಮ ಕೆರೆಗಳಲ್ಲೂ ಇವೆ. ಅಲ್ಲಿಗೆ ಬಿಟ್ಟ ಮೀನು ಕೊರವದ ಬಾಯಿಗೆ ಬೀಳಬಹುದು, ಬೀಳದೆಯೂ ಇರಬಹುದು. ಬೀಳದಿದ್ದರೆ, ತೊಟ್ಟಿಯಲ್ಲಿ ಇಲ್ಲದ ದೂರ ಅಲ್ಲಿ ಅದಕ್ಕೆ ಬೇಕಾದಷ್ಟು ಸಿಗುತ್ತದೆ, ಹೊರೆ ಮಾತ್ರ ಅಲ್ಲಿ ಮೊದಲಿನಿಂದಲೂ ಇರುವ ಸಣ್ಣ ಮೀನುಗಳ ಮೇಲೆ ಬೀಳುತ್ತದೆ.